ಎಚ್‌ಎಫ್, ಒಂದೇ ಬಾಟಲ್ ಪ್ರೈಮರ್, ಸ್ಯಾಂಡ್‌ಬ್ಲಾಸ್ಟ್: ಯಾವ ಸೆರಾಮಿಕ್‌ಗೆ ಯಾವ್ದು?

ಹೊಸದಾಗಿ ಹಲ್ಲಿನ ಕ್ಲಿನಿಕ್ ಹಾಕಿರೋ ಜೂನಿಯರ್ಸ್ ಪದೇ ಪದೇ ಕೇಳೋದು ಇದೇ, ಸರ್ ಸೆರಾಮಿಕ್ ಕ್ಯಾಪ್ ಅಂಟಿಸೋಕೆ ಎಚ್‌ಎಫ್ (ಹೈಡ್ರೋಫ್ಲೋರಿಕ್ ಆ್ಯಸಿಡ್) ಇಡ್ಲೇಬೇಕಾ, ಒಂದು ಬಾಟಲಲ್ಲಿ ಕೆಲ್ಸ ಮುಗಿಯಲ್ವಾ ಅಂತ. ಲ್ಯಾಬಲ್ಲಿ ಮಿಕ್ಕಿದ್ದ ಇ-ಮ್ಯಾಕ್ಸ್ (ಗ್ಲಾಸ್ ಇರೋ ಸೆರಾಮಿಕ್), ಜಿರ್ಕೋನಿಯಾ (ಗ್ಲಾಸ್ ಇಲ್ಲದ ಸೆರಾಮಿಕ್) ತುಂಡುಗಳನ್ನ ಬೇರೆ ಬೇರೆ ಥರ ಟ್ರೀಟ್ ಮಾಡಿ, ಮೇಲೆ ರೆಸಿನ್ ಸಿಮೆಂಟಿನ ಸಣ್ಣ ಬೊಟ್ಟು ಇಟ್ಟು ಕ್ಯೂರ್ ಮಾಡಿ, ಕೆಲವು ವಾರ ನೀರಲ್ಲಿ ಬಿಟ್ಟು ಆಮೇಲೆ ಸ್ಕೇಲರ್ ತುದಿಯಿಂದ ಮೀಟಿ ನೋಡಿದೆ. ಮೆಷಿನ್ ಟೆಸ್ಟ್ ಅಲ್ಲ, ಎಷ್ಟು ಬಲಕ್ಕೆ ಕಿತ್ಕೊಂಡ್ತು ಅನ್ನೋ ಎಂಪಿಎ ಲೆಕ್ಕ ಕೇಳ್ಬೇಡಿ, ಆದ್ರೆ ಯಾವ್ದು ಗಟ್ಟಿ ಯಾವ್ದು ಟೊಳ್ಳು ಅಂತ ಕೈಗೇ ಗೊತ್ತಾಗುತ್ತೆ.

ಇ-ಮ್ಯಾಕ್ಸ್ ಮೊದ್ಲು. 5% ಎಚ್‌ಎಫ್ 20 ಸೆಕೆಂಡ್, ತೊಳ್ದು ಒಣಗ್ಸಿ ಸೈಲೇನ್ ಅನ್ನೋ ಜೋಡಿಸೋ ದ್ರವ. ಆ್ಯಸಿಡ್ ಗ್ಲಾಸ್ ಭಾಗ ತಿಂದು ಲಿಥಿಯಂ ಡೈಸಿಲಿಕೇಟ್ ಹರಳುಗಳನ್ನ ಎದ್ದು ಕಾಣೋ ಹಾಗೆ ಮಾಡುತ್ತೆ, ಆ ಸಂದಿಗೆ ರೆಸಿನ್ ಇಳ್ದು ಕಚ್ಕೊಳ್ಳುತ್ತೆ, ಸೈಲೇನ್ ಆಕಡೆ ಸಿಲಿಕಾಗೂ ಈಕಡೆ ರೆಸಿನ್‌ಗೂ ಗಂಟು ಹಾಕುತ್ತೆ. ಮೀಟಿದಾಗ ಬೊಟ್ಟು ಬುಡದಿಂದ ಏಳ್ಲೇ ಇಲ್ಲ, ಸಿಮೆಂಟೇ ಮಧ್ಯಕ್ಕೆ ಮುರೀತು. ಬರೀ ಸೈಲೇನ್ ಹಚ್ಚಿದ್ದು ಟಕ್ ಅಂತ ಹಾರ್ತು, ಅಡಿ ನೋಡಿದ್ರೆ ನುಣ್ಣಗೆ ಫಳಫಳ. ಎಚ್‌ಎಫ್ ಇನ್ನೂ ಸ್ವಲ್ಪ ಹೊತ್ತು ಬಿಟ್ರೆ ಒಳ್ಳೇದು ಅಂದ್ಕೊಳ್ಳೋರಿದ್ದಾರೆ, ಬೇಡ, 60 ಸೆಕೆಂಡ್ ಲ್ಯೂಸೈಟ್ ಪಿಂಗಾಣಿಗೆ ಸರಿ, ತೆಳ್ಳಗಿನ ಇ-ಮ್ಯಾಕ್ಸ್ ವಿನೀರ್‌ಗೆ (ಹಲ್ಲಿನ ಮುಂಭಾಗಕ್ಕೆ ಅಂಟಿಸೋ ಹೊದಿಕೆ) ಹಾಗೆ ಮಾಡಿದ್ರೆ ವಿನೀರೇ ವೀಕ್ ಆಗುತ್ತೆ.

ಒಂದೇ ಬಾಟಲ್ ಅಂದ್ರೆ ಮೊನೊಬಾಂಡ್ ಎಚ್ ಆಂಡ್ ಪ್ರೈಮ್ (Etch & Prime). ಅಮೋನಿಯಂ ಪಾಲಿಫ್ಲೋರೈಡ್ ಜೊತೆಗೇ ಸೈಲೇನ್, 20 ಸೆಕೆಂಡ್ ಉಜ್ಜಿ 40 ಸೆಕೆಂಡ್ ಬಿಟ್ಟು ತೊಳ್ಯೋದು. ಎಚ್ಚಿಂಗ್ (ಆ್ಯಸಿಡ್ ಕೊರೆತ) ಎಚ್‌ಎಫ್‌ನಷ್ಟು ಆಳ ಹೋಗಲ್ಲ ಆದ್ರೂ ನನ್ ಕೈಗೆ ಎರಡಕ್ಕೂ ವ್ಯತ್ಯಾಸ ಸಿಗ್ಲಿಲ್ಲ. ಎಚ್‌ಎಫ್ ಚರ್ಮದ ಮೇಲೆ ಬಿದ್ರೆ ಎಷ್ಟೋ ಸಲ ತಕ್ಷಣ ನೋವೇ ಆಗಲ್ಲ, ಒಳಗೆ ಸುಡ್ತಾ ಹೋಗುತ್ತೆ, ಆ ಸುಟ್ಟಗಾಯಕ್ಕೆ ಹಚ್ಚೋ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಇಲ್ಲದ ಕ್ಲಿನಿಕ್ಕಲ್ಲಿ ಅದನ್ನ ಇಡೋದೇ ತಪ್ಪು. ಅಂಥವ್ರಿಗೆ ಕಣ್ಮುಚ್ಚಿ ಈ ಬಾಟಲ್ ಹೇಳ್ತೀನಿ.

ಜಿರ್ಕೋನಿಯಾ ಕಥೆಯೇ ಬೇರೆ. ಅದ್ರಲ್ಲಿ ಗ್ಲಾಸೇ ಇಲ್ಲ, ಆ್ಯಸಿಡ್ ಏನ್ ತಿನ್ನುತ್ತೆ? ಎಚ್‌ಎಫ್ ಹಾಕಿ ಸೈಲೇನ್ ಹಚ್ಚಿದ ತುಂಡಿನ ಬೊಟ್ಟು ಮೀಟೋಕೆ ಮುಂಚೆನೇ ಬಿದ್ದಿತ್ತು. 50 ಮೈಕ್ರಾನ್ ಅಲ್ಯೂಮಿನಾ ಪುಡಿಯಿಂದ ಕಮ್ಮಿ ಪ್ರೆಷರಲ್ಲಿ, 2 ಬಾರ್ ದಾಟ್ದೆ, ಬ್ಲಾಸ್ಟ್ ಮಾಡಿ ಹಾಗೇ ಸಿಮೆಂಟ್ ಇಟ್ಟಿದ್ದು ಮೊದಮೊದ್ಲು ಗಟ್ಟಿ ಇತ್ತು, ನೀರಲ್ಲಿದ್ದ ಮೇಲೆ ಬಿಟ್ಕೊಂಡ್ತು. ಬ್ಲಾಸ್ಟ್ ಜೊತೆ ಎಂಡಿಪಿ ಪ್ರೈಮರ್ (ಸಿಮೆಂಟಿಗೆ ಮುಂಚೆ ಹಚ್ಚೋ ದ್ರವ) ಹಚ್ಚಿದ್ದು ಮಾತ್ರ ಹಿಡ್ದು ನಿಲ್ತು. ಜಪಾನಿನ ಕುರಾರೆ ಕಂಪನಿ 1981ರಲ್ಲಿ ಮಾಡಿದ ಮಾಲಿಕ್ಯೂಲ್ ಇದು, ಅದರ ಫಾಸ್ಫೇಟ್ ತುದಿ ನೇರ ಜಿರ್ಕೋನಿಯಾ ಆಕ್ಸೈಡನ್ನ ಹಿಡಿಯುತ್ತೆ.

ಹೆಚ್ಚು ಜನ ಎಡವೋದು ಟ್ರೈ-ಇನ್, ಅಂದ್ರೆ ಬಾಯಲ್ಲಿಟ್ಟು ಕೂರುತ್ತಾ ಅಂತ ನೋಡಿದ್ಮೇಲೆ. ಎಂಜಲಲ್ಲೂ ಫಾಸ್ಫೇಟ್ ಇದೆ, ಎಂಡಿಪಿ ಕೂರ್ಬೇಕಾದ ಜಾಗದಲ್ಲಿ ಅದೇ ಕೂತ್ಬಿಡುತ್ತೆ. ಕ್ಲೀನ್ ಮಾಡೋಣ ಅಂತ ಫಾಸ್ಫಾರಿಕ್ ಆ್ಯಸಿಡ್ ಜೆಲ್ ಹಚ್ತಾರೆ, ಅದೂ ಫಾಸ್ಫೇಟೇ ಅಲ್ವಾ! ಇ-ಮ್ಯಾಕ್ಸ್‌ಗೆ ಆ ಜೆಲ್ ಓಕೆ, ಆಮೇಲೆ ಸೈಲೇನ್ ಮತ್ತೆ ಹಚ್ಚಿ. ಜಿರ್ಕೋನಿಯಾಗೆ ಐವೊಕ್ಲೀನ್ ಥರದ ಕ್ಲೀನಿಂಗ್ ಪೇಸ್ಟ್ ಹಾಕಿ, ಇಲ್ಲ ಅಂದ್ರೆ ಬ್ಲಾಸ್ಟಿಂಗನ್ನೇ ಟ್ರೈ-ಇನ್ ಆದ್ಮೇಲಕ್ಕೆ ಇಟ್ಕೊಳ್ಳಿ, ನಾನು ಮಾಡೋದು ಹಾಗೇನೆ.

ಅಂದಹಾಗೆ ಕ್ರೌನ್‌ಗೆ ಅಂತ ಅರೆದ ಹಲ್ಲು ಎತ್ತರ ಇದ್ದು ಹಿಡಿತ ಚೆನ್ನಾಗಿದ್ರೆ ಜಿರ್ಕೋನಿಯಾ ಕ್ರೌನ್‌ಗೆ ಇಷ್ಟೆಲ್ಲ ಯಾಕೆ, ಮಾಮೂಲಿ ಜಿಐಸಿ (ಗ್ಲಾಸ್ ಅಯಾನೊಮರ್) ಸಿಮೆಂಟೇ ಸಾಕು. ಕುಳ್ಳ ಹಲ್ಲು, ರೆಸಿನ್ ಬಾಂಡೆಡ್ ಬ್ರಿಡ್ಜ್ (ಪಕ್ಕದ ಹಲ್ಲಿಗೆ ರೆಸಿನ್ನಿಂದ ಅಂಟಿಸೋ ಬದಲಿ ಹಲ್ಲು) ಬಂದಾಗ ಮಾತ್ರ ಬ್ಲಾಸ್ಟರ್ ಆನ್ ಮಾಡಿ.