ಬಳ್ಳಾರಿಯ ಒಂದು ಜಿಮ್ನಾಸ್ಟಿಕ್ಸ್ ಕ್ಲಾಸ್: ಕಲಿಸುವುದಕ್ಕೆ ನಾಲ್ಕು ಸ್ಟಾರ್, ಹೊಸ ಲೆವೆಲ್‌ಗಳಿಗೆ ಎರಡು

ಬಳ್ಳಾರಿಯಲ್ಲಿ ಮಕ್ಕಳನ್ನು ಜಿಮ್ನಾಸ್ಟಿಕ್ಸ್‌ಗೆ ಸೇರಿಸಬೇಕು ಅಂತ ಹುಡುಕುತ್ತಿರುವವರಿಗೆ ಇದು. ಕ್ಲಾಸಿನ ಹೆಸರು ಹಾಕುವುದಿಲ್ಲ. ಕಲಿಸುವವರು ಒಳ್ಳೆಯವರು, ಅವರ ಹೊಟ್ಟೆ ಮೇಲೆ ಹೊಡೆಯುವ ಆಸೆ ನನಗಿಲ್ಲ. ಆದರೆ ಈ ವರ್ಷ ಅವರು ಲೆವೆಲ್ ಬದಲಾಯಿಸಿದ ರೀತಿ ಇದೆಯಲ್ಲ, ಅದನ್ನು ಹೇಳದೆ ಇರಲು ಆಗುತ್ತಿಲ್ಲ.

ಮೊದಲು ಒಳ್ಳೆಯದು. ಕೋಚ್ ಅವಸರ ಮಾಡುವುದಿಲ್ಲ. ಮಗು ಹ್ಯಾಂಡ್‌ಸ್ಟ್ಯಾಂಡ್‌ನಲ್ಲಿ, ಅಂದರೆ ತಲೆಕೆಳಗಾಗಿ ಕೈ ಮೇಲೆ, ನೆಟ್ಟಗೆ ನಿಲ್ಲುವ ತನಕ ಮುಂದಿನದ್ದಕ್ಕೆ ಕೈ ಹಾಕಿಸುವುದಿಲ್ಲ, ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಹಾರಿ ಕೈಯೂರಿ ಪಲ್ಟಿ ಹೊಡೆಯುವುದು) ಕಲಿಸುವಾಗ ಸೊಂಟಕ್ಕೆ ಕೈ ಕೊಟ್ಟು ಹಿಡಿಯುತ್ತಾರೆ, ದಪ್ಪ ಮ್ಯಾಟ್ ಇಲ್ಲದೆ ಯಾರನ್ನೂ ಹಾರಿಸುವುದಿಲ್ಲ. ಬೀಮ್, ಅಂದರೆ ಮೇಲೆ ನಡೆಯುವ ಸಣ್ಣ ತೊಲೆ, ಎರಡಿವೆ. ಒಂದು ನೆಲಕ್ಕೆ ಹತ್ತಿರ, ಇನ್ನೊಂದು ನಿಜವಾದ ಎತ್ತರದ್ದು, ಅಂದರೆ 125 ಸೆಂಟಿಮೀಟರ್. ಅದರ ಅಗಲ ಬರೀ 10 ಸೆಂಟಿಮೀಟರ್ ಅಲ್ವಾ, ಮೊದಲ ಸಲ ಮಗಳು ಅದರ ಮೇಲೆ ನಡೆದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಬಾರ್ ಮಾತ್ರ ಒಂದೇ. ಹುಡುಗಿಯರಿಗೆ ಬೇಕಾದ ಎತ್ತರ-ತಗ್ಗಿನ ಜೋಡಿ ಬಾರ್ ಇಲ್ಲ, ಕೇಳಿದರೆ ಮುಂದಿನ ವರ್ಷ ಅನ್ನುತ್ತಾರೆ.

ಈಗ ಲೆವೆಲ್ ವಿಷಯ. ಮೊದಲು ಇಲ್ಲಿ ಅವರದ್ದೇ ಆದ ನಾಲ್ಕು ಹಂತಗಳಿದ್ದವು. ಮಗಳು ಮೂರನೆಯದ್ದು ಮುಗಿಸಿದ್ದಳು. ಬೇಸಿಗೆ ರಜೆ ಮುಗಿದ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು: ಇನ್ನು ಮೇಲೆ ಹತ್ತು ಲೆವೆಲ್, ಎಲ್ಲರಿಗೂ ಹೊಸದಾಗಿ ಟೆಸ್ಟ್, ಟೆಸ್ಟಿಗೆ ಬೇರೆ ಫೀಸು. ಮಗಳನ್ನು ಎರಡಕ್ಕೆ ಹಾಕಿದರು. ಅವಳು ಮಾಡುವುದು ಅದೇ ರೌಂಡ್‌ಆಫ್, ಅದೇ ಕಾರ್ಟ್‌ವೀಲ್ (ಎರಡೂ ಕೈಯೂರಿ ಪಕ್ಕಕ್ಕೆ ಉರುಳುವ ಪಲ್ಟಿಗಳು), ಒಂದೂ ಮರೆತಿಲ್ಲ. ಆದರೆ ಶಾಲೆಯ ಆಟೋದಲ್ಲಿ ಗೆಳತಿಯರು "ಏ, ಫೇಲ್ ಆದೇನೇ?" ಅಂದರಂತೆ. ಎರಡು ದಿನ ಕ್ಲಾಸಿಗೆ ಹೋಗುವುದಿಲ್ಲ ಅಂತ ಹಟ.

ಕೋಚ್ ಹತ್ತಿರ ಕೇಳಿದೆ. "ಇದು ಇಂಟರ್‌ನ್ಯಾಷನಲ್ ಪ್ಯಾಟರ್ನ್ ರೀ ಮೇಡಂ" ಅಂದರು. ಅಲ್ಲ, ಇದು ಅಮೆರಿಕದ್ದು. ಒಂದರಿಂದ ಹತ್ತರ ತನಕ ಲೆವೆಲ್ ಇಟ್ಟುಕೊಂಡಿರುವುದು ಅಲ್ಲಿನ ಜಿಮ್ನಾಸ್ಟಿಕ್ಸ್ ಸಂಸ್ಥೆ. ಐದರ ತನಕ ಎಲ್ಲರೂ ಒಂದೇ ರೊಟೀನ್ (ಮೊದಲೇ ಗೊತ್ತು ಮಾಡಿದ ಕಸರತ್ತುಗಳ ಸಾಲು) ಮಾಡಬೇಕು, ಆರರಿಂದ ಅವರವರ ಕೈಲಾದದ್ದನ್ನು ಜೋಡಿಸಿಕೊಳ್ಳಬಹುದು. ಒಲಿಂಪಿಕ್ಸ್ ನಡೆಯುವ ಅಂತರರಾಷ್ಟ್ರೀಯ ಮಟ್ಟದಲ್ಲಿ ಲೆವೆಲ್ ಅಂತ ಏನೂ ಇಲ್ಲ, ಅಲ್ಲಿ ಜೂನಿಯರ್, ಸೀನಿಯರ್ ಅಂತ ವಯಸ್ಸಿನ ಲೆಕ್ಕ.

ತಮಾಷೆ ಅಂದರೆ ಅಮೆರಿಕದಲ್ಲೂ ಇದೇ ಗಲಾಟೆ ಆಗುವಂಥ ಬದಲಾವಣೆ ನಡೆದಿದೆ. 2013ರಲ್ಲಿ ಅವರು ನಂಬರ್‌ಗಳನ್ನೇ ಸರಿಸಿದರು. ಹಳೆಯ 4 ಹೊಸ 3 ಆಯಿತು, 5 ಹೋಗಿ 4 ಆಯಿತು, 6 ಹೋಗಿ 5 ಆಯಿತು. ಹಿಂದಿನ ವರ್ಷ ಐದರಲ್ಲಿದ್ದ ಮಗು ಆ ವರ್ಷವೂ ಐದು ಅಂದರೆ ನೋಡುವವರಿಗೆ ಅಲ್ಲೇ ನಿಂತ ಹಾಗೆ ಕಾಣುತ್ತಿತ್ತು, ಆದರೆ ಅದು ಹಳೆಯ ಆರನೇ ಲೆವೆಲ್ ಮಾಡುತ್ತಿತ್ತು. ಅಲ್ಲಿನ ಈಗಿನ ನಾಲ್ಕರಲ್ಲಿ ಬಾರ್ ಮೇಲೆ ಕಿಪ್ ಬರಬೇಕು. ಬಾರ್ ಹಿಡಿದು ತೂಗಿ, ಕಾಲು ಮೇಲಕ್ಕೆ ತಂದು, ಮೈಯನ್ನು ಬಾರ್ ಮೇಲಕ್ಕೆ ಎತ್ತುವುದು. ತುಂಬಾ ಮಕ್ಕಳು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಅದು ಬಂತೋ ಇಲ್ಲವೋ ಅನ್ನುವುದು ಮುಖ್ಯ, ಅದಕ್ಕೆ ನಾಲ್ಕು ಅಂತ ಹೆಸರಿಟ್ಟರೋ ಐದು ಅಂತ ಇಟ್ಟರೋ ತೋಳಿಗೆ ಗೊತ್ತಾಗುವುದಿಲ್ಲ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ನಮ್ಮ ದೀಪಾ ಕರ್ಮಾಕರ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪ್ರೊಡುನೋವಾ ವಾಲ್ಟ್ (ಓಡಿ ಬಂದು ವಾಲ್ಟ್ ಮೇಜಿನ ಮೇಲೆ ಕೈಯೂರಿ ಹಾರಿ, ಗಾಳಿಯಲ್ಲಿ ಮುಂದಕ್ಕೆ ಎರಡು ಪಲ್ಟಿ ಹೊಡೆಯುವುದು) ಮಾಡಿದಾಗ ಅದರ ಕಷ್ಟಕ್ಕೆ 7.0 ಅಂಕ ಇತ್ತು. ಎರಡು ವಾಲ್ಟ್‌ಗಳ ಸರಾಸರಿ 15.066 ಪಡೆದು ನಾಲ್ಕನೆಯವರಾದರು, ಕಂಚು ತಪ್ಪಿದ್ದು ಬರೀ 0.150ರಲ್ಲಿ. ಮರುವರ್ಷ ಹೊಸ ನಿಯಮ ಬಂತು, ಅದೇ ವಾಲ್ಟಿಗೆ 6.4 ಆಯಿತು. ವಾಲ್ಟ್ ಏನೂ ಸುಲಭವಾಗಲಿಲ್ಲ, ಬಿದ್ದರೆ ಕುತ್ತಿಗೆಗೆ ಆಗುವ ಅಪಾಯವೂ ಕಡಿಮೆಯಾಗಲಿಲ್ಲ. ವಯಸ್ಸಿನದ್ದೂ ಹಾಗೆಯೇ. ರೊಮೇನಿಯಾದ ನಾಡಿಯಾ ಕೊಮನೆಚಿ 1976ರ ಒಲಿಂಪಿಕ್ಸ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಹತ್ತಕ್ಕೆ ಹತ್ತು ತಗೊಂಡಾಗ ಹದಿನಾಲ್ಕು ವರ್ಷ. 1997ರಿಂದ ಹುಡುಗಿಯರು ಸೀನಿಯರ್ ಆಗಲು ಆ ವರ್ಷ ಹದಿನಾರು ತುಂಬಬೇಕು. ಇವತ್ತಾಗಿದ್ದರೆ ಅವರನ್ನು ಒಲಿಂಪಿಕ್ಸ್‌ಗೇ ಬಿಡುತ್ತಿರಲಿಲ್ಲ. ಆ ಹತ್ತಕ್ಕೆ ಹತ್ತೂ 2006ರಲ್ಲಿ ಹೋಯಿತು. ಈಗ ಕಷ್ಟಕ್ಕೆ ಬೇರೆ ಅಂಕ, ಅಚ್ಚುಕಟ್ಟಿಗೆ ಬೇರೆ ಅಂಕ.

ಹಾಗಾಗಿ ನಿಯಮ ಬದಲಾಗಬಾರದು ಅಂತ ನಾನು ಹೇಳುತ್ತಿಲ್ಲ. ಲೆವೆಲ್ ಪದ್ಧತಿಯೇ ಕೆಟ್ಟದ್ದು ಅಂತಲೂ ಅಲ್ಲ. ಯೋಚನೆ ಮಾಡಿ ನೋಡಿ, ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ 14, 17, 19 ವರ್ಷದೊಳಗಿನವರು ಅಂತ ವಿಭಾಗ. ಒಂಬತ್ತು ವರ್ಷದ ಹುಡುಗಿ ಹದಿಮೂರರ ಹುಡುಗಿ ಜೊತೆ ನಿಲ್ಲಬೇಕು. ಹನ್ನೊಂದಕ್ಕೆ ಶುರು ಮಾಡಿದ ಮಗು ಐದಕ್ಕೆ ಶುರು ಮಾಡಿದ ಮಗುವಿನ ಜೊತೆ ನಿಲ್ಲಬೇಕು. ಬಳ್ಳಾರಿ, ರಾಯಚೂರು ಕಡೆ ಹೆಚ್ಚಿನವರು ತಡವಾಗಿಯೇ ಶುರು ಮಾಡುತ್ತಾರೆ, ಯಾಕೆಂದರೆ ಹತ್ತಿರದಲ್ಲಿ ಕಲಿಸುವ ಜಾಗವೇ ಸಿಗುವುದಿಲ್ಲ. (ತೋರಣಗಲ್ಲಿನ ಆ ದೊಡ್ಡ ಕ್ರೀಡಾ ಸಂಸ್ಥೆಗೆ ಸೇರಿಸಬಹುದಲ್ವಾ ಅಂತ ನೆಂಟರೆಲ್ಲ ಕೇಳುತ್ತಾರೆ. ಅದು ಕುಸ್ತಿ, ಬಾಕ್ಸಿಂಗ್, ಜೂಡೊ, ಓಟದವರ ಊರು ರೀ.) ಇಂಥ ಮಕ್ಕಳಿಗೆ, ತಮ್ಮಷ್ಟೇ ಬರುವವರ ಜೊತೆ ಸ್ಪರ್ಧೆ ಮಾಡುವ ಲೆವೆಲ್ ಪದ್ಧತಿ ನಿಜವಾಗಿ ಒಳ್ಳೆಯದು.

ಕೆಡುವುದು ಎರಡು ಕಡೆ. ಪದಕ ಬರಲಿ ಅಂತ ಮಗುವನ್ನು ಕೆಳಗೇ ಇಟ್ಟುಕೊಳ್ಳುವುದು ಒಂದು, ಫೀಸು ಬರಲಿ ಅಂತ ಮೇಲೆ ತಳ್ಳುವುದು ಇನ್ನೊಂದು. ನಮ್ಮ ಕ್ಲಾಸಿನ ಒಳಗಿನ ಸ್ಪರ್ಧೆಯಲ್ಲಿ ಎರಡನ್ನೂ ನೋಡಿದೆ. ಹಳೆಯ ಮೂರು ಮುಗಿಸಿದ್ದ ಮಕ್ಕಳೆಲ್ಲ ಹೊಸ ಎರಡರಲ್ಲಿ ಚಿನ್ನ ಬಾಚಿಕೊಂಡರು, ನನ್ನ ಮಗಳೂ ಸೇರಿ. ಅದೇ ಮೊದಲ ಸಲ ಎರಡಕ್ಕೆ ಬಂದ ಪುಟಾಣಿಗಳು ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದವು. ಇನ್ನೊಬ್ಬ ಹುಡುಗಿಯ ಅಪ್ಪ ಹಟ ಹಿಡಿದು ನಾಲ್ಕಕ್ಕೆ ಹಾಕಿಸಿದ್ದರು. ಕಿಪ್ ಬರಲಿಲ್ಲ, ಮೊಣಕೈ ಮಡಚಿಕೊಂಡು ಬಾರ್‌ಗೆ ಜೋತುಬಿದ್ದಳು, ಕೊನೆಗೆ ಕೋಚೇ ಎತ್ತಿ ಇಳಿಸಿದರು. ಪಾಪ, ಅಳು ನಿಲ್ಲಲೇ ಇಲ್ಲ. ಅಮೆರಿಕದಲ್ಲಿ ಮೇಲಿನ ಹಲವು ಲೆವೆಲ್‌ಗಳಿಗೆ ಹೋಗಲು ಕೆಳಗಿನದ್ದರಲ್ಲಿ ಇಂತಿಷ್ಟು ಅಂಕ ಬಂದಿರಲೇಬೇಕು ಅಂತ ನಿಯಮ ಇದೆ. ಹತ್ತು ನಂಬರ್ ತಂದವರು ಆ ನಿಯಮವನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದಾರೆ.

ನನ್ನ ಸಿಟ್ಟು ಇಷ್ಟೇ. ಹಳೆಯ ಮೂರು ಅಂದರೆ ಹೊಸದರಲ್ಲಿ ಎಷ್ಟು ಅಂತ ಒಂದು ಹಾಳೆ ಗೋಡೆಗೆ ಅಂಟಿಸಿದ್ದರೆ ಮುಗಿಯುತ್ತಿತ್ತು. ಮೊದಲೇ ಪಾಸಾದ ಸ್ಕಿಲ್‌ಗೆ ಮತ್ತೆ ಟೆಸ್ಟ್, ಮತ್ತೆ ದುಡ್ಡು ಅಂದರೆ ಸರಿಯಲ್ಲ. ಜಿಲ್ಲಾ ಮಟ್ಟಕ್ಕೆ ಹೋದರೆ ಅಲ್ಲಿ ಯಾರೂ ಲೆವೆಲ್ ಕೇಳುವುದಿಲ್ಲ, ಜನ್ಮ ದಿನಾಂಕದ ಸರ್ಟಿಫಿಕೇಟ್ ಕೇಳುತ್ತಾರೆ. ಅದನ್ನೂ ಪೋಷಕರಿಗೆ ಹೇಳಬೇಕಿತ್ತು.

ಆದರೂ ಮಗಳನ್ನು ಬಿಡಿಸಿಲ್ಲ. ಈಗ ನಾವು ಮನೆಯಲ್ಲಿ ಲೆವೆಲ್ ಮಾತೇ ಆಡುವುದಿಲ್ಲ. ಯಾವ ಸ್ಕಿಲ್ ಬಂತು, ಯಾವುದು ಯಾರೂ ಹಿಡಿಯದೆ ಬಂತು ಅಂತ ಒಂದು ನೋಟ್‌ಬುಕ್‌ನಲ್ಲಿ ಅವಳೇ ಬರೆಯುತ್ತಾಳೆ. ನೀವು ಸೇರಿಸುವುದಾದರೆ ಸೇರುವ ದಿನವೇ ಕೋಚ್ ಹತ್ತಿರ ಸ್ಕಿಲ್ ಪಟ್ಟಿ ಕೇಳಿ, ಟೆಸ್ಟ್ ಫೀಸು ವರ್ಷಕ್ಕೆ ಎಷ್ಟು ಸಲ ಅಂತಲೂ ಕೇಳಿ ಬರೆಸಿಕೊಳ್ಳಿ. ಸಂಜೆ 6ರ ಬ್ಯಾಚ್ ತಗೊಳ್ಳಿ. 4ರದ್ದು ಬೇಡ, ಮೇಲೆ ತಗಡು, ನಮ್ಮ ಬಿಸಿಲು ಗೊತ್ತಲ್ಲ, ಏಪ್ರಿಲ್‌ನಲ್ಲಿ ಮಕ್ಕಳ ಕೈ ಬೆವತು ಬಾರ್ ಜಾರುತ್ತದೆ. ನೀರಿನ ಬಾಟಲಿ ಎರಡು ಕಳಿಸಿ, ಅಲ್ಲಿನ ಫಿಲ್ಟರ್ ಕೆಟ್ಟು ತುಂಬಾ ದಿನ ಆಗಿದೆ.