ಮೂಳೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೀರಾ? ಹಲ್ಲು ಕೀಳಿಸುವ ಮೊದಲು ಇದನ್ನು ಓದಿ

ನೇರವಾಗಿ ವಿಷಯಕ್ಕೆ ಬರುತ್ತೇನೆ. ಕ್ಯಾನ್ಸರ್ ಮೂಳೆಗೆ ಹರಡಿ, ಅದಕ್ಕಾಗಿ ಝೋಲೆಡ್ರೋನಿಕ್ ಆಸಿಡ್ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದೀರಾ? ಅಥವಾ ಡೆನೋಸುಮ್ಯಾಬ್ ಚುಚ್ಚಿಸಿಕೊಳ್ಳುತ್ತಿದ್ದೀರಾ? ಹಾಗಾದರೆ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಒಂದು ಹಲ್ಲನ್ನೂ ಕೀಳಿಸಬೇಡಿ. ಇಂಪ್ಲಾಂಟ್, ಅಂದರೆ ದವಡೆಗೆ ಸ್ಕ್ರೂ ಹಾಕಿ ಕೂರಿಸುವ ಹಲ್ಲು, ಅಂತೂ ಬೇಡವೇ ಬೇಡ. ನಾನು ಎರಡನ್ನೂ ಒಂದೇ ದಿನ ಮಾಡಿಸಿಕೊಂಡೆ. 92 ಸಾವಿರ ಹೋಯಿತು. ದುಡ್ಡು ಹೋದದ್ದು ಚಿಕ್ಕ ವಿಷಯ ಅಂತ ಆಮೇಲೆ ಗೊತ್ತಾಯಿತು.

ನನಗೆ ಸ್ತನ ಕ್ಯಾನ್ಸರ್ ಬಂದದ್ದು 2017ರಲ್ಲಿ. ಆಪರೇಷನ್, ಕೀಮೋ ಎಲ್ಲಾ ಮುಗಿದು ನಾಲ್ಕು ವರ್ಷ ಆರಾಮಾಗಿದ್ದೆ. 2021ರಲ್ಲಿ ಬೆನ್ನು ನೋವು ಶುರುವಾಯಿತು. ಮನೆ ಬದಲಿಸಿದ್ದೆವು, ಸಾಮಾನು ಎತ್ತಿದ್ದಕ್ಕೆ ಇರಬೇಕು ಅಂದುಕೊಂಡೆ. ಅಲ್ಲ. ಬೆನ್ನುಮೂಳೆಯಲ್ಲೂ ಸೊಂಟದಲ್ಲೂ ಕ್ಯಾನ್ಸರ್ ಕೂತಿತ್ತು. ನಾಲ್ಕನೇ ಹಂತ ಅಂದರು. ಆವತ್ತಿನಿಂದ ಎರಡು ಕ್ಯಾನ್ಸರ್ ಮಾತ್ರೆ: ದಿನಾ ಲೆಟ್ರೋಜೋಲ್, ಮತ್ತೆ 21 ದಿನ ಪಾಲ್ಬೋಸಿಕ್ಲಿಬ್, ಅದಕ್ಕೆ ಏಳು ದಿನ ರಜೆ. ಜೊತೆಗೆ ತಿಂಗಳಿಗೊಮ್ಮೆ ಡೇ ಕೇರ್ ವಾರ್ಡಿನಲ್ಲಿ ಕಾಲು ಗಂಟೆಯ ಒಂದು ಡ್ರಿಪ್. ಅದನ್ನು ಅಲ್ಲಿ ಯಾರೂ ಅದರ ಹೆಸರಿನಿಂದ ಕರೆಯುವುದಿಲ್ಲ. "ಮೂಳೆ ಇಂಜೆಕ್ಷನ್" ಅಷ್ಟೇ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಕಾಯಿಲೆ ಇಟ್ಟುಕೊಂಡು ಹಲ್ಲಿಗೆ ದುಡ್ಡು ಹಾಕುವುದಾ ಅಂತ ಕೇಳುವವರು ಬೇಕಾದಷ್ಟು ಜನ. ನಮ್ಮ ಮನೆಯಲ್ಲೇ ಒಬ್ಬರು ಹಿರಿಯರು ಊಟದ ಹೊತ್ತಿನಲ್ಲಿ, "ಇನ್ನು ಹಲ್ಲಿಗ್ಯಾಕೆ ಅಷ್ಟೊಂದು ಖರ್ಚು" ಅಂದಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ. ಆದರೂ ಆ "ಇನ್ನು" ಎದೆಗೆ ಚುಚ್ಚಿತು. ನಾನು ದಾವಣಗೆರೆಯವಳು. ಸಂಜೆ ಖಾರ ಮಂಡಕ್ಕಿ, ಮಿರ್ಚಿ ಇಲ್ಲದೆ ದಿನ ಮುಗಿಯುವುದಿಲ್ಲ. ಬಲಗಡೆಯ ಕೆಳಗಿನ ದವಡೆ ಹಲ್ಲೊಂದು ಮುರಿದು, ಪಕ್ಕದ್ದು ಹುಳುಕಾಗಿ, ಒಂದು ವರ್ಷದಿಂದ ಎಡಗಡೆಯಲ್ಲೇ ಅಗಿಯುತ್ತಿದ್ದೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದೆ. ತೂಕ ಇಳಿಯುತ್ತಿತ್ತು. ನಾಲ್ಕನೇ ಹಂತ ಅಂದರೆ ನಾಳೆಯೇ ಹೋಗಿಬಿಡುತ್ತೇನೆ ಅಂತಲ್ಲವಲ್ಲ. ಎಷ್ಟೋ ಜನ ವರ್ಷಗಟ್ಟಲೆ ಬದುಕುತ್ತಾರೆ, ಬದುಕುವವರು ತಿನ್ನಲೇಬೇಕು.

ದುಡ್ಡು ಎಲ್ಲಿಂದ ಬಂತು ಅಂದರೆ, 2023ರ ಜನವರಿಯಲ್ಲಿ ಪಾಲ್ಬೋಸಿಕ್ಲಿಬ್ ಪೇಟೆಂಟ್ ಮುಗಿದು ನಮ್ಮ ದೇಶದ ಕಂಪನಿಗಳ ಮಾತ್ರೆ ಬಂದವು. ನಮ್ಮ ತಿಂಗಳ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯಿತು. ಉಳಿದದ್ದನ್ನು ಒಂದು ವರ್ಷ ಕೂಡಿಟ್ಟೆ. ಇದು ನನ್ನ ಹಲ್ಲಿನ ದುಡ್ಡು ಅಂತ ಗಂಡನಿಗೆ ಮೊದಲೇ ಹೇಳಿದ್ದೆ. ಹೆಲ್ತ್ ಇನ್ಶೂರೆನ್ಸ್‌ನವರು ಅಪಘಾತದಲ್ಲಿ ಹಲ್ಲು ಹೋಗಿದ್ದರೆ ಮಾತ್ರ ಕೊಡುತ್ತೇವೆ ಅಂದರು. ಅಲ್ಲಿಗೆ ಆ ಬಾಗಿಲು ಮುಚ್ಚಿತು.

2024ರ ಫೆಬ್ರವರಿಯಲ್ಲಿ ಒಂದು ದೊಡ್ಡ ಹಲ್ಲಿನ ಕ್ಲಿನಿಕ್‌ಗೆ ಹೋದೆ. ಹೆಸರು ಬೇಡ. ಗಾಜಿನ ಬಾಗಿಲು, ಎಸಿ, ಕೂತ ತಕ್ಷಣ ಕಾಫಿ. ಒಬ್ಬ ಹುಡುಗಿ ಫಾರಂ ಕೊಟ್ಟಳು. ಅದರಲ್ಲಿ "ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು" ಅಂತ ಒಂದು ಸಾಲು. ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ಲೆಟ್ರೋಜೋಲ್, ಪಾಲ್ಬೋಸಿಕ್ಲಿಬ್, ಎಲ್ಲಾ ಬರೆದೆ. ಇಂಜೆಕ್ಷನ್ ಬರೆಯಲಿಲ್ಲ. ಅದು ಮಾತ್ರೆ ಅಲ್ಲವಲ್ಲ! ಮನೆಯಲ್ಲಿ ತೆಗೆದುಕೊಳ್ಳುವಂಥದ್ದೂ ಅಲ್ಲ. ಮೂಳೆಗೆ ಶಕ್ತಿ ಕೊಡುವ ಟಾನಿಕ್ ಥರದ್ದು ಅಂತಲೇ ನನ್ನ ತಲೆಯಲ್ಲಿತ್ತು. ಕಾಯಿಲೆಗಳ ಪಟ್ಟಿಯಲ್ಲಿ ಕ್ಯಾನ್ಸರ್ ಅನ್ನುವ ಚೌಕಕ್ಕೆ ಟಿಕ್ ಹಾಕಿದ್ದೆ. ಡಾಕ್ಟರ್ ನೋಡಿ, "ಟ್ರೀಟ್‌ಮೆಂಟ್ ಮುಗೀತಲ್ವಾ?" ಅಂದರು. "ಮಾತ್ರೆ ನಡೀತಿದೆ" ಅಂದೆ. ಮಾತು ಅಲ್ಲಿಗೇ ನಿಂತಿತು. ನನ್ನ ತಪ್ಪು ಎಷ್ಟು, ಅವರ ತಪ್ಪು ಎಷ್ಟು ಅಂತ ಈಗಲೂ ರಾತ್ರಿ ಲೆಕ್ಕ ಹಾಕುತ್ತೇನೆ. ಪಾಲ್ಬೋಸಿಕ್ಲಿಬ್ ಅಂದರೆ ಏನು ಅಂತ ಫೋನಿನಲ್ಲಿ ಒಂದು ನಿಮಿಷ ಹುಡುಕಿದ್ದರೂ ಇದು ಮುಗಿದುಹೋದ ಕ್ಯಾನ್ಸರ್ ಅಲ್ಲ ಅಂತ ಅವರಿಗೆ ತಿಳಿಯುತ್ತಿತ್ತು. ಆ ಮಾತ್ರೆ ಬಿಳಿ ರಕ್ತಕಣಗಳನ್ನು ಇಳಿಸುತ್ತದೆ. ಹಲ್ಲು ಕೀಳುವ ಮೊದಲು ಒಂದು ರಕ್ತ ಪರೀಕ್ಷೆಯನ್ನಾದರೂ ಮಾಡಿಸಬೇಕಿತ್ತು. ಅದನ್ನೂ ಕೇಳಲಿಲ್ಲ.

ಹುಳುಕು ಹಲ್ಲಿಗೆ ರೂಟ್ ಕೆನಾಲ್ ಮಾಡಬಹುದಿತ್ತು. ಅದನ್ನು ಡಾಕ್ಟರೇ ಹೇಳಿದರು. ಹೇಳಿದ ಉಸಿರಿನಲ್ಲೇ, "ಆದ್ರೆ ಸುಮ್ನೆ ಯಾಕೆ, ಎರಡೂ ತೆಗೆದು ಇಂಪ್ಲಾಂಟ್ ಹಾಕಿಬಿಡೋಣ, ಲೈಫ್‌ಟೈಮ್ ವಾರಂಟಿ ಇದೆ" ಅಂದರು. ಯಾರ ಲೈಫ್‌ಟೈಮ್ ಅಂತ ಕೇಳಬೇಕು ಅನ್ನಿಸಿತು. ನಗು ಬಂತು. ಕೇಳಲಿಲ್ಲ. ಇಎಂಐ ಬೇಕಾ ಅಂದರು, ಬೇಡ ಅಂದೆ. ಕೂಡಿಟ್ಟ ದುಡ್ಡು ಇತ್ತಲ್ಲ. ಅದೇ ವಾರ ಎರಡು ಹಲ್ಲು ಕಿತ್ತು, ಅದೇ ಗುಂಡಿಗಳಿಗೆ ಎರಡು ಟೈಟಾನಿಯಂ ಸ್ಕ್ರೂ ಹಾಕಿ ಕಳಿಸಿದರು. ಅಷ್ಟು ಹೊತ್ತಿಗೆ ನನಗೆ 26 ಡ್ರಿಪ್ ಆಗಿದ್ದವು.

ಗಾಯ ಮಾಯಲೇ ಇಲ್ಲ. ಎರಡನೇ ವಾರ ಬಾಯಿಂದ ವಾಸನೆ. ಹೋದೆ, ಆಂಟಿಬಯೋಟಿಕ್ ಕೊಟ್ಟರು. ನಾಲ್ಕನೇ ವಾರ ಮತ್ತೆ ಹೋದೆ, ಬೇರೆ ಆಂಟಿಬಯೋಟಿಕ್. "ಶುಗರ್ ಇದೆಯಾ?" ಅಂತ ಕೇಳಿದರು. ಇಲ್ಲ. ಐದನೇ ವಾರ ಕೆಳತುಟಿಯ ಬಲಭಾಗ ಜೋಮು ಹಿಡಿದಂತಾಯಿತು. ನೀರು ಕುಡಿದರೆ ತುಟಿಯ ತುದಿಯಿಂದ ಸೋರುವುದು ಗೊತ್ತೇ ಆಗುತ್ತಿರಲಿಲ್ಲ. ಆರನೇ ವಾರ ಒಂದು ರಾತ್ರಿ ನಾಲಿಗೆಗೆ ಏನೋ ಚೂಪಾಗಿ ತಾಗಿತು. ಅನ್ನದಲ್ಲಿ ಕಲ್ಲು ಸಿಕ್ಕಿ ಒಸಡಿನಲ್ಲಿ ಕೂತಿದೆ ಅಂದುಕೊಂಡು ಕನ್ನಡಿ ಮುಂದೆ ಟಾರ್ಚ್ ಹಿಡಿದು ನೋಡಿದೆ. ಕಲ್ಲಲ್ಲ. ಹಳದಿ ಮಿಶ್ರಿತ ಬಿಳಿ. ನನ್ನದೇ ದವಡೆಯ ಮೂಳೆ, ಒಸಡಿನ ಹೊದಿಕೆ ಇಲ್ಲದೆ ಬರಿಮೈಯಲ್ಲಿ ಇತ್ತು.

ಕ್ಲಿನಿಕ್‌ನವರು, "ಕೆಲವರಿಗೆ ಮಾಯೋದು ನಿಧಾನ, ಕಾಯೋಣ" ಅಂದರು. ಕಾದೆ.

ಕಂಡುಹಿಡಿದದ್ದು ಡಾಕ್ಟರಲ್ಲ, ಡೇ ಕೇರ್ ವಾರ್ಡಿನ ನರ್ಸ್. ಏಪ್ರಿಲ್‌ನಲ್ಲಿ ಮುಂದಿನ ಡ್ರಿಪ್‌ಗೆ ಹೋಗಿದ್ದೆ. ಮುಂಚಿನ ವರ್ಷವೇ ತಿಂಗಳಿಗೊಮ್ಮೆ ಇದ್ದದ್ದನ್ನು ಮೂರು ತಿಂಗಳಿಗೊಮ್ಮೆ ಮಾಡಿದ್ದರು. ಸೂಜಿ ಹಾಕಲು ಬಂದ ಆಕೆ ನನ್ನ ಕೆನ್ನೆ ನೋಡಿ, "ಅಮ್ಮಾ, ಹಲ್ಲು ಏನಾದ್ರೂ ಕೀಳಿಸಿದ್ರಾ?" ಅಂದರು. ಹೌದು ಅಂದೆ. ಕೈಯಲ್ಲಿದ್ದ ಬಾಟಲಿ ಟ್ರೇಗೆ ವಾಪಸ್ ಇಟ್ಟುಬಿಟ್ಟರು. ಆವತ್ತು ಡ್ರಿಪ್ ಹಾಕಲಿಲ್ಲ.

ಆಮೇಲಿನ ಹತ್ತು ದಿನ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಯಾಕೆಂದರೆ ತುಟಿ ಜೋಮು ಹಿಡಿಯುವುದಕ್ಕೆ ಇನ್ನೊಂದು ಕಾರಣವೂ ಇರುತ್ತದೆ: ಕ್ಯಾನ್ಸರ್ ದವಡೆಗೇ ಬಂದಿರಬಹುದು. ಸಿಟಿ ಸ್ಕ್ಯಾನ್ ಆಯಿತು, ಒಂದು ಚೂರು ತೆಗೆದು ಬಯಾಪ್ಸಿಗೂ ಕಳಿಸಿದರು. ಕ್ಯಾನ್ಸರ್ ಅಲ್ಲ ಅಂತ ಬಂತು. ಸತ್ತ ಮೂಳೆ. ಅದಕ್ಕೆ ಖುಷಿಪಟ್ಟೆ ನೋಡಿ, ನನ್ನ ಪರಿಸ್ಥಿತಿ ಎಲ್ಲಿಗೆ ಬಂದಿತ್ತು.

ಬಾಯಿ ಮತ್ತು ದವಡೆಯ ಸರ್ಜನ್ ಒಬ್ಬರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ನಮ್ಮ ಮೂಳೆ ಸುಮ್ಮನೆ ಕೂತಿರುವ ಕಲ್ಲಲ್ಲ. ಹಳೆಯದನ್ನು ಕೊರೆದು ತೆಗೆಯುವ ಜೀವಕೋಶಗಳು ಒಂದು ಕಡೆ, ಹೊಸದು ಕಟ್ಟುವವು ಇನ್ನೊಂದು ಕಡೆ. ಮೂಳೆಗೆ ಬಂದ ಕ್ಯಾನ್ಸರ್ ಆ ಕೊರೆಯುವ ಜೀವಕೋಶಗಳನ್ನು ಕೆಣಕಿ ಮೂಳೆಯನ್ನು ಟೊಳ್ಳು ಮಾಡುತ್ತದೆ. ಮೂಳೆ ಇಂಜೆಕ್ಷನ್ ಅವುಗಳ ಕೈ ಕಟ್ಟುತ್ತದೆ. ಬೆನ್ನುಮೂಳೆಗೆ ಅದರಿಂದ ಲಾಭ. ಆದರೆ ದಿನವಿಡೀ ಅಗಿಯುವ ದವಡೆಯ ಮೂಳೆ ಬೇರೆ ಮೂಳೆಗಳಿಗಿಂತ ಬೇಗ ಬೇಗ ಹೊಸದಾಗಬೇಕು. ಹಲ್ಲು ಕಿತ್ತ ಗುಂಡಿಯಲ್ಲಿ ಹಾಳಾದದ್ದನ್ನು ತೆಗೆಯುವವರೇ ಇಲ್ಲದಿದ್ದರೆ ಹೊಸದನ್ನು ಎಲ್ಲಿ ಕಟ್ಟುವುದು? ಮೇಲೆ ಬಾಯಿಯ ಕೀಟಾಣುಗಳು ಬೇರೆ. ಗುಂಡಿ ಹಾಗೇ ಉಳಿದು ಮೂಳೆ ಸಾಯುತ್ತದೆ. ಮೇಲಿನ ದವಡೆಗಿಂತ ಕೆಳಗಿನದಕ್ಕೆ ಇದು ಜಾಸ್ತಿ. ಎಂಟು ವಾರ ದಾಟಿದರೂ ಮೂಳೆ ಹೊರಗೆ ಕಾಣುತ್ತಿದ್ದರೆ ಅದಕ್ಕೆ ಎಂಆರ್‌ಒಎನ್‌ಜೆ ಅಂತ ಹೆಸರು, ಅಂದರೆ ಔಷಧಿಯಿಂದ ದವಡೆಯ ಮೂಳೆ ಸಾಯುವುದು. ಹಲ್ಲು ಕೀಳಿಸಿ ನನಗೆ ಆಗಲೇ ಎಂಟು ವಾರ ಆಗಿತ್ತು.

ಇದೇನು ನಿನ್ನೆ ಮೊನ್ನೆ ಗೊತ್ತಾದ ವಿಷಯವಲ್ಲ. 2003ರಲ್ಲೇ ಅಮೆರಿಕದ ಸರ್ಜನ್ ರಾಬರ್ಟ್ ಮಾರ್ಕ್ಸ್ ಇಂಥ 36 ರೋಗಿಗಳ ಬಗ್ಗೆ ಬರೆದಿದ್ದರು. ಅದಕ್ಕಿಂತ ನೂರು ವರ್ಷ ಹಿಂದೆಯೂ ಬಿಳಿ ರಂಜಕ ಮುಟ್ಟುವ ಬೆಂಕಿಕಡ್ಡಿ ಕಾರ್ಖಾನೆಯ ಕೂಲಿಗಳಿಗೆ ಹೀಗೇ ದವಡೆ ಕೊಳೆಯುತ್ತಿತ್ತಂತೆ. ಹಾಗಿದ್ದ ಮೇಲೆ ನನಗೆ ಯಾರೂ ಯಾಕೆ ಹೇಳಲಿಲ್ಲ ಅಂತ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಜಗಳ ಆಡಿದೆ. ಅವರು ನನ್ನದೇ ಫೈಲ್ ತೆಗೆದು ತೋರಿಸಿದರು. 2021ರ ಡಿಸ್ಚಾರ್ಜ್ ಸಮರಿ, ನಾಲ್ಕನೇ ಪುಟದ ಕೆಳಗೆ, ಇಂಗ್ಲಿಷಿನಲ್ಲಿ ಒಂದು ಸಾಲು: ಡೆಂಟಲ್ ಇವ್ಯಾಲ್ಯುಯೇಶನ್ ಅಡ್ವೈಸ್ಡ್, ಅಂದರೆ ಹಲ್ಲು ಪರೀಕ್ಷೆ ಮಾಡಿಸಿಕೊಳ್ಳಿ ಅಂತ. ಅಷ್ಟೇ. ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಆವತ್ತು ಬೆನ್ನುಮೂಳೆಗೆ ಕ್ಯಾನ್ಸರ್ ಬಂದಿದೆ ಅಂತ ಕೇಳಿಸಿಕೊಂಡವಳು ನಾಲ್ಕನೇ ಪುಟದ ಹಲ್ಲಿನ ಸಾಲು ಓದುತ್ತಾಳಾ?

ಆಗ ಮಾಡಬೇಕಿದ್ದದ್ದು ತುಂಬಾ ಸುಲಭ. ಮೊದಲ ಇಂಜೆಕ್ಷನ್‌ಗೂ ಮುಂಚೆ ಹಲ್ಲಿನ ಎಕ್ಸ್‌ರೇ ತೆಗೆಸಿ, ಉಳಿಯದ ಹಲ್ಲನ್ನು ಆಗಲೇ ಕೀಳಿಸಿ, ಎರಡು ಮೂರು ವಾರ ಗಾಯ ಮಾಯಲು ಬಿಟ್ಟು, ಆಮೇಲೆ ಡ್ರಿಪ್ ಶುರು ಮಾಡುವುದು. ನೀವು ಈಗ ಆ ಹೊಸ್ತಿಲಲ್ಲಿ ಇದ್ದರೆ ದಯವಿಟ್ಟು ಆ ಮೂರು ವಾರ ಕೇಳಿ ಪಡೆಯಿರಿ. ಹಲ್ಲಿಗೆ ದುಡ್ಡು ಹಾಕುವ ಸಮಯ ಅಂದರೆ ಅದೇ.

ಇಂಜೆಕ್ಷನ್ ಈಗಾಗಲೇ ಶುರುವಾಗಿದ್ದರೂ ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಹೆದರಬೇಡಿ. ಹೋಗದಿದ್ದರೇ ಅಪಾಯ, ಹುಳುಕಿನ ಕೀವೂ ದವಡೆಗೆ ಇಳಿಯುತ್ತದೆ. ಕ್ಲೀನಿಂಗ್, ಫಿಲ್ಲಿಂಗ್, ರೂಟ್ ಕೆನಾಲ್ ಇವೆಲ್ಲಾ ಮಾಡಿಸಬಹುದು. ಮೇಲ್ಭಾಗ ಪೂರ್ತಿ ಹಾಳಾದ ಹಲ್ಲನ್ನೂ ಕೀಳದೆ, ಬೇರಿಗೆ ರೂಟ್ ಕೆನಾಲ್ ಮಾಡಿ, ಒಸಡಿನ ಮಟ್ಟಕ್ಕೆ ಕತ್ತರಿಸಿ ಬಿಡುತ್ತಾರೆ. ನನ್ನ ಮುರಿದ ಹಲ್ಲಿಗೆ ಹಾಗೆ ಮಾಡಿದ್ದರೆ ಸಾಕಿತ್ತು ಅಂತ ಸರ್ಜನ್ ಹೇಳಿದರು. ತೆಗೆದು ಹಾಕುವ ಹಲ್ಲಿನ ಸೆಟ್ ಕೂಡ ಆಗುತ್ತದೆ, ಆದರೆ ಒತ್ತಿ ಹುಣ್ಣಾದರೆ ಅಲ್ಲೂ ಮೂಳೆ ತೆರೆದುಕೊಳ್ಳಬಹುದು. ರಾತ್ರಿ ತೆಗೆದಿಡಿ, ಒತ್ತಿದರೆ ಮರುದಿನವೇ ಹೋಗಿ ಸರಿ ಮಾಡಿಸಿ.

"ಒಂದು ತಿಂಗಳು ಇಂಜೆಕ್ಷನ್ ಬಿಟ್ಟು ಕೀಳಿಸಿದರೆ ಆಯ್ತು" ಅನ್ನುವವರೂ ಸಿಗುತ್ತಾರೆ. ಝೋಲೆಡ್ರೋನಿಕ್ ಮೂಳೆಗೆ ಅಂಟಿಕೊಂಡು ವರ್ಷಗಟ್ಟಲೆ ಕೂರುತ್ತದೆ, ಒಂದು ತಿಂಗಳಲ್ಲಿ ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ಗೊಂದಲ ನನ್ನ ಕ್ಲಿನಿಕ್‌ನವರೇ ಮಾಡಿದರು. ಆಮೇಲೆ ಕೇಳಲು ಹೋದಾಗ, "ಅದು ವರ್ಷಕ್ಕೊಂದು ಕೊಡೋ ಇಂಜೆಕ್ಷನ್ ಅಲ್ವಾ ಮೇಡಂ, ಅದರಿಂದೇನಾಗಲ್ಲ" ಅಂದರು. ಮೂಳೆ ಸವೆತಕ್ಕೆ ಕೊಡುವುದು ವರ್ಷಕ್ಕೆ 5 ಮಿಲಿಗ್ರಾಂ. ನನಗೆ ತಿಂಗಳಿಗೆ 4 ಮಿಲಿಗ್ರಾಂ ಹೋಗುತ್ತಿತ್ತು. ವರ್ಷಕ್ಕೆ 48. ಔಷಧಿ ಒಂದೇ, ಲೆಕ್ಕ ಬೇರೆ.

ದುಡ್ಡು ವಾಪಸ್ ಕೊಡಲಿಲ್ಲ. ನಾನು ಸಹಿ ಹಾಕಿದ ಕಾಗದ ತೋರಿಸಿದರು. ಗ್ರಾಹಕರ ಆಯೋಗಕ್ಕೆ ಹೋಗು ಅಂತ ತಮ್ಮ ಹೇಳಿದ. ನನಗಿರುವ ದಿನಗಳನ್ನು ಆ ಬೆಂಚಿನ ಮೇಲೆ ಕಳೆಯಲು ಮನಸ್ಸಾಗಲಿಲ್ಲ.

ಸ್ಕ್ರೂ ಎರಡನ್ನೂ ತೆಗೆದರು. ಸತ್ತ ಮೂಳೆಯ ಒಂದು ಚೂರು, ಹುಣಸೆ ಬೀಜದಷ್ಟು, ಬೇರೆಯಾಗಿ ಬಂತು. ದಿನಕ್ಕೆರಡು ಸಲ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಬಾಯಿ ಮುಕ್ಕಳಿಸುತ್ತೇನೆ, ಹಲ್ಲೆಲ್ಲಾ ಕಂದು ಬಣ್ಣ ಆಗಿದೆ. ತುಟಿಯ ಜೋಮು ಅರ್ಧ ಹೋಗಿದೆ. ಅಕ್ಕಿ ಕಾಳಿನಷ್ಟು ಮೂಳೆ ಇನ್ನೂ ಕಾಣುತ್ತದೆ. ಮೂಳೆ ಇಂಜೆಕ್ಷನ್ ನಿಂತಿದೆ, ಬೆನ್ನುಮೂಳೆ ಕಾಯುವುದು ಈಗ ಮಾತ್ರೆಗಳ ಪಾಲು. ಮಂಡಕ್ಕಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತೇನೆ. ನಮ್ಮೂರಿನವರು ಇದನ್ನು ಓದಿದರೆ ನಗಬೇಡಿ.

ಇದನ್ನೆಲ್ಲಾ ಕೇಳಿ ಶಿವಮೊಗ್ಗದ ನನ್ನ ನಾದಿನಿ ಗಾಬರಿಯಾಗಿ ಫೋನ್ ಮಾಡಿದಳು. ಅವಳಿಗೆ ಕ್ಯಾನ್ಸರ್ ಇಲ್ಲ. ಮೂಳೆ ಸವೆತಕ್ಕೆ ಆರು ತಿಂಗಳಿಗೊಮ್ಮೆ ಡೆನೋಸುಮ್ಯಾಬ್, ಸಣ್ಣ ಡೋಸ್. "ನಾನು ನಿಲ್ಲಿಸಿಬಿಡ್ತೀನಿ" ಅಂದಳು. ನಿಲ್ಲಿಸಬೇಡ ಅಂದೆ. ಆ ಇಂಜೆಕ್ಷನ್ ಹಾಗೆ ಏಕಾಏಕಿ ಬಿಟ್ಟರೆ ಮೂಳೆ ಬೇಗ ಸವೆದು ಬೆನ್ನುಮೂಳೆಯೇ ಮುರಿಯಬಹುದು ಅಂತ ಸರ್ಜನ್ ನನಗೆ ಹೇಳಿದ್ದರು. ಅವಳ ಡೋಸಿಗೆ ದವಡೆಯ ತೊಂದರೆ ತೀರಾ ಅಪರೂಪ. ನನ್ನಂಥವರಲ್ಲೂ ಇದು ಬರುವುದು ನೂರಕ್ಕೆ ಐದಕ್ಕಿಂತ ಕಡಿಮೆ ಜನರಿಗೆ, ಆ ಕೆಲವರಲ್ಲಿ ನಾನೊಬ್ಬಳು. ಮುಂದಿನ ವಾರ ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋದಳಂತೆ. ಅಲ್ಲೂ ಫಾರಂನಲ್ಲಿ ಮಾತ್ರೆಗಳಿಗೆ ಮಾತ್ರ ಜಾಗ ಇತ್ತಂತೆ. ಅದರ ಪಕ್ಕದ ಖಾಲಿ ಜಾಗದಲ್ಲಿ ಇಂಜೆಕ್ಷನ್ ಹೆಸರು, ಡೋಸು, ಕೊನೆಯದಾಗಿ ಚುಚ್ಚಿಸಿಕೊಂಡ ತಾರೀಖು ಮೂರನ್ನೂ ಅವಳೇ ದಪ್ಪಕ್ಷರದಲ್ಲಿ ಬರೆದು ಬಂದಳಂತೆ.