ಶಟರ್ ಎಳೆದುಕೊಂಡು ಕಾರಿಗೆ ಬಣ್ಣ ಹೊಡೆಯಬೇಡಿ

ಹಳೆಯ ಕಾರಿನ ಟಿಂಕರಿಂಗ್ ಮತ್ತು ಪೇಂಟಿಂಗ್ ಎರಡನ್ನೂ ಮನೆಯ ಕಾರ್ ಶೆಡ್ಡಿನಲ್ಲಿಯೇ ಸ್ವಂತವಾಗಿ ಮಾಡಿಕೊಳ್ಳಬೇಕೆಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಆ ಕೆಲಸವನ್ನು 2021ರ ಆಯುಧಪೂಜೆಯ ದಿನ ಆರಂಭಿಸಿ, ಮುಂದಿನ ಆಷಾಢದವರೆಗೆ ಒಂಬತ್ತು ತಿಂಗಳು ಮಾಡಿದೆ. ಅದರಿಂದ ನನಗೆ ಬಂದದ್ದು ಆಸ್ತಮಾ. 46 ವರ್ಷ ವಯಸ್ಸಿನವರೆಗೆ ಒಂದು ದಿನವೂ ಉಬ್ಬಸವೆಂದರೇನೆಂದು ತಿಳಿಯದಿದ್ದ ನಾನು ಈಗ ಬೆಳಿಗ್ಗೆ ಮತ್ತು ರಾತ್ರಿ ಇನ್‌ಹೇಲರ್ ಎಳೆದುಕೊಳ್ಳುತ್ತೇನೆ, ಹೊರಗೆ ಹೊರಡುವಾಗ ಇನ್ನೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.

ಕಾರು ನನ್ನ ತಂದೆಯವರ 1997ರ ಮಾರುತಿ 800. ಬಾಗಿಲುಗಳ ಕೆಳಗಿನ ಪಟ್ಟಿಗಳು ತುಕ್ಕು ಹಿಡಿದು ಪುಡಿಯಾಗುತ್ತಿದ್ದವು. ಅವನ್ನು ಸರಿಪಡಿಸಿ, ಚಕ್ರಗಳ ಮೇಲಿನ ಕಮಾನುಗಳನ್ನು ಫೈಬರ್‌ನಿಂದ ಅಗಲಗೊಳಿಸಿ, ಹೊಸ ಬಣ್ಣ ಹೊಡೆಯುವುದು ನನ್ನ ಯೋಜನೆಯಾಗಿತ್ತು. ನಮ್ಮದು ಮೈಸೂರಿನಲ್ಲಿ 30×40ರ ನಿವೇಶನದ ಮನೆ. ಶೆಡ್ಡು 9 ಅಡಿ ಅಗಲ, 16 ಅಡಿ ಉದ್ದ. ಮಾರುತಿ 800ರ ಅಗಲ 1.44 ಮೀಟರ್ ಆದ್ದರಿಂದ ಕಾರನ್ನು ನಡುವೆ ನಿಲ್ಲಿಸಿದರೆ ಎರಡೂ ಬದಿಗೆ ಉಳಿಯುವುದು ಎರಡಡಿಗಿಂತ ಸ್ವಲ್ಪ ಹೆಚ್ಚು ಜಾಗ ಮಾತ್ರ. ಆ ಎರಡಡಿಯಲ್ಲಿಯೇ ಇನ್ವರ್ಟರ್ ಮತ್ತು ಅದರ ಬ್ಯಾಟರಿ, ನೀರಿನ ಮೋಟರಿನ ಸ್ವಿಚ್ಚು, ಅಡುಗೆಮನೆಗೆ ಹೋಗುವ ಬಾಗಿಲು ಇದ್ದವು, ನೆಲದ ಮೂಲೆಯಲ್ಲಿ ಸಂಪಿನ ಕಬ್ಬಿಣದ ಮುಚ್ಚಳವಿತ್ತು. ಇದರಲ್ಲಿ ವಿಶೇಷವೇನೂ ಇಲ್ಲ, ನಮ್ಮ ಬಡಾವಣೆಗಳ ಬಹುತೇಕ ಮನೆಗಳ ಶೆಡ್ಡು ಹೀಗೆಯೇ ಇರುತ್ತದೆ. ಆದ್ದರಿಂದಲೇ ಇದನ್ನು ವಿವರವಾಗಿ ಹೇಳುತ್ತಿದ್ದೇನೆ.

ಮೊದಲ ತಪ್ಪು ತಗಡಿನ ಕೆಲಸದಲ್ಲಿಯೇ ಆಯಿತು. ಮಾರುತಿ 800ಕ್ಕೆ ಜೀಪಿನಂತೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಭಾರವನ್ನು ಹೊರುತ್ತದೆ, ಮತ್ತು ಬಾಗಿಲಿನ ಕೆಳಗಿನ ಪಟ್ಟಿ ಆ ಭಾರ ಹೊರುವ ಭಾಗಗಳಲ್ಲಿ ಮುಖ್ಯವಾದದ್ದು. ಅದನ್ನು ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪುಗಳನ್ನು ವೆಲ್ಡ್ ಮಾಡಿ ಬಿಗಿಗೊಳಿಸಬೇಕು. ಬಾಗಿಲು ಪೂರ್ತಿ ತೆರೆಯುವಷ್ಟು ಜಾಗವಿಲ್ಲದ್ದರಿಂದ ನಾನು ಅದನ್ನು ಬಿಟ್ಟುಬಿಟ್ಟೆ. ಕತ್ತರಿಸಿ, ಹೊಸ ತಗಡು ಹಾಕಿ, ಜಾಕಿ ಇಳಿಸಿದ ಮೇಲೆ ಚಾಲಕನ ಬದಿಯ ಬಾಗಿಲು ಹಾಕಿಕೊಳ್ಳಲಿಲ್ಲ. ಹಿಂಬದಿಯ ಅಂಚಿನಲ್ಲಿ ಸಮನಾಗಿದ್ದ ಸಂದು ಮೇಲೆ ಎರಡು ಮಿಲಿಮೀಟರ್, ಕೆಳಗೆ ಒಂಬತ್ತು ಮಿಲಿಮೀಟರ್ ಆಗಿತ್ತು. ಆ ಬಾಗಿಲು ಇವತ್ತಿಗೂ ಸರಿಯಾಗಿ ಕೂರುವುದಿಲ್ಲ.

ಪುಟ್ಟಿ ಕೆಲಸದಲ್ಲಿಯೂ ಜಾಗದ ಕೊರತೆಯೇ ತೊಂದರೆ ಕೊಟ್ಟಿತು. ಪುಟ್ಟಿ ಹಚ್ಚಿ ಉಜ್ಜಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಓರೆಯಾಗಿ ಬೆಳಕು ಬೀಳುವಂತೆ ನೋಡಿದರೆ ಮಾತ್ರ ಉಬ್ಬುತಗ್ಗು ಕಾಣುತ್ತದೆ. ಎರಡಡಿಯಲ್ಲಿ, ತಲೆಯ ಮೇಲಿನ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲವೂ ಸಪಾಟಾಗಿಯೇ ಕಾಣುತ್ತದೆ. ಪುಟ್ಟಿಯ ಧೂಳಂತೂ ಅಡುಗೆಮನೆಯ ಬಾಗಿಲ ಸಂದಿನಿಂದ ಒಳಗೆ ಹೋಗಿ ಡಬ್ಬಗಳ ಮೇಲೆಲ್ಲ ಕೂರುತ್ತಿತ್ತು.

ಫೈಬರ್ ಕೆಲಸಕ್ಕೆ ಅಂಗಡಿಯವರು ಮೂರು ಬಾಟಲಿ ಕೊಡುತ್ತಾರೆ: ರೆಸಿನ್, ನೇರಳೆ ಬಣ್ಣದ ಕೋಬಾಲ್ಟ್, ನೀರಿನಂತೆ ಕಾಣುವ ಹಾರ್ಡ್ನರ್. ಮೂರನೆಯದು ಪೆರಾಕ್ಸೈಡ್. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಪೂರ್ತಿ ಬೆರೆಸಿದ ಮೇಲೆಯೇ ಹಾರ್ಡ್ನರ್ ಹಾಕಬೇಕು. ಕೋಬಾಲ್ಟ್ ಮತ್ತು ಹಾರ್ಡ್ನರ್ ಎರಡೇ ನೇರವಾಗಿ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಹಾರ್ಡ್ನರ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಹಾನಿಯಾಗುತ್ತದೆ. ಇಂತಹ ಎರಡು ಬಾಟಲಿಗಳನ್ನು ನಾನು ಬೇರೆ ಜಾಗವಿಲ್ಲವೆಂದು ಇನ್ವರ್ಟರ್ ಮೇಲಿನ ಒಂದೇ ಹಲಗೆಯಲ್ಲಿ ಅಕ್ಕಪಕ್ಕ ಇಟ್ಟಿದ್ದೆ. ಅವು ಉರುಳಲಿಲ್ಲ ಎಂಬುದಷ್ಟೇ ನನ್ನ ಪುಣ್ಯ.

ಈಗ ಸಂಪಿನ ವಿಷಯ. ಮನೆಯಲ್ಲಿ ಸಂಪಿರುವ ಪ್ರತಿಯೊಬ್ಬರೂ ಇದನ್ನು ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಮೇ ತಿಂಗಳಲ್ಲಿ ಪ್ರೈಮರ್ ಹೊಡೆಯುತ್ತಿದ್ದಾಗ ನಾನು ಸ್ಪ್ರೇ ಗನ್ನನ್ನು ಥಿನ್ನರಿನಿಂದ ತೊಳೆದು ಆ ಥಿನ್ನರನ್ನು ಶೆಡ್ಡಿನ ನೆಲದ ಮೇಲೆಯೇ ಚೆಲ್ಲುತ್ತಿದ್ದೆ. ಹೇಗೂ ಆರಿಹೋಗುತ್ತದೆ ಎಂದುಕೊಂಡಿದ್ದೆ. ನೆಲದ ಇಳಿಜಾರು ಸಂಪಿನ ಮುಚ್ಚಳದ ಕಡೆಗಿತ್ತು. ಒಂದು ಬೆಳಿಗ್ಗೆ ನನ್ನ ಹೆಂಡತಿ, "ರೀ, ನೀರಲ್ಲಿ ಸೀಮೆಎಣ್ಣೆ ಥರ ವಾಸನೆ ಬರ್ತಿದೆ, ಇಲ್ಲಿ ಬಂದು ನೋಡಿ" ಎಂದು ಕರೆದಳು. ಕುಡಿಯುವ ನೀರಿನ ಫಿಲ್ಟರಿನವರೆಗೂ ಆ ವಾಸನೆ ಬಂದಿತ್ತು.

ಸಂಪು ತೊಳೆಯಲು ಒಬ್ಬ ಹುಡುಗನನ್ನು ಕರೆಸಿದೆ. ಮೋಟರ್ ಹಾಕಿ ನೀರನ್ನೆಲ್ಲ ಹೊರಗೆ ಬಿಟ್ಟೆವು. ಬೆಳಕಿಗೆಂದು ವೈರಿನ ತುದಿಗೆ ಬಲ್ಬು ಕಟ್ಟಿ ಒಳಗೆ ಇಳಿಬಿಟ್ಟೆ. ಹುಡುಗ ಏಣಿಯಿಂದ ಇಳಿದು ಇನ್ನೂ ಒಂದು ನಿಮಿಷವಾಗಿರಲಿಲ್ಲ. "ಅಣ್ಣಾ, ತಲೆ ತಿರುಗ್ತಿದೆ" ಎಂದ. ಆ ಮಾತು ತೊದಲುತ್ತಿತ್ತು. ಏಣಿಯ ಮೇಲಿನ ಮೆಟ್ಟಿಲಿಗೆ ಅವನ ಕೈ ಬಂದದ್ದರಿಂದ ನಾನೂ ಪಕ್ಕದ ಮನೆಯವರೂ ಸೇರಿ ರಟ್ಟೆ ಹಿಡಿದು ಮೇಲೆಳೆದೆವು. ಅವನು ರಸ್ತೆಯಂಚಿನಲ್ಲಿ ಅರ್ಧ ಗಂಟೆ ಕುಳಿತು ಎರಡು ಸಲ ವಾಂತಿ ಮಾಡಿಕೊಂಡ. ಅವನಿಗೆ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಅವನನ್ನು ಇಳಿಸಿದವನು ನಾನು.

ಇದರ ಕಾರಣವನ್ನು ಆಮೇಲೆ ತಿಳಿದುಕೊಂಡೆ. ಥಿನ್ನರುಗಳಲ್ಲಿ ಸಾಮಾನ್ಯವಾಗಿ ಇರುವ ಟಾಲುಯೀನಿನ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಅದು ಮೇಲೇರದೆ ನೆಲದ ಮೇಲೆ ಹರಿದು, ತಗ್ಗು ಎಲ್ಲಿದೆಯೋ ಅಲ್ಲಿ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ಅದು ಶೇಕಡ 1.2ರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿದರೆ ಸಂಪಿನೊಳಗಿನ ಒಂದು ಘನ ಮೀಟರ್ ಖಾಲಿ ಜಾಗ ಆ ಸ್ಥಿತಿಗೆ ಬರಲು ಸುಮಾರು 50 ಮಿಲಿಲೀಟರ್ ಟಾಲುಯೀನ್ ಆವಿಯಾದರೂ ಸಾಕು. ಅದು ನಾವು ಕುಡಿಯುವ ಕಾಫಿಲೋಟದ ಅರ್ಧದಷ್ಟೂ ಅಲ್ಲ. ಅಂತಹ ಸಂಪಿನ ಪಕ್ಕದಲ್ಲಿ ನಾನು ಮೋಟರಿನ ಸ್ವಿಚ್ಚು ಒತ್ತಿದ್ದೆ, ಉರಿಯುವ ಬಲ್ಬನ್ನು ಇಳಿಬಿಟ್ಟಿದ್ದೆ.

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ನಾನು ಸಂಪಿನ ಮುಚ್ಚಳದ ಸುತ್ತ ಸಿಲಿಕೋನ್ ಬಳಿದು, ಮುಂದಿನ ಕೆಲಸಕ್ಕೆ ಹೋದೆ.

ಕೊನೆಯ ಬಣ್ಣಕ್ಕೆ ಪಿ.ಯು., ಅಂದರೆ ಪಾಲಿಯುರೆಥೇನ್ ಪೇಂಟನ್ನು ಆರಿಸಿಕೊಂಡೆ. ಹಳೆಯ ಎನ್.ಸಿ. (ನೈಟ್ರೋಸೆಲ್ಯುಲೋಸ್) ಪೇಂಟಿಗಿಂತ ಇದರ ಹೊಳಪು ಹೆಚ್ಚು, ಬಾಳಿಕೆಯೂ ಹೆಚ್ಚು. ಇದು ಎರಡು ಡಬ್ಬದಲ್ಲಿ ಬರುತ್ತದೆ, ಬಣ್ಣಕ್ಕೆ ಹಾರ್ಡ್ನರ್ ಬೆರೆಸಿ ಹೊಡೆಯಬೇಕು. ಆ ಹಾರ್ಡ್ನರಿನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಉಸಿರಿನೊಂದಿಗೆ ಒಳಗೆ ಹೋದರೆ ಆಸ್ತಮಾ ಬರಬಹುದೆಂಬ ಎಚ್ಚರಿಕೆ ಡಬ್ಬದ ಹಿಂಬದಿಯಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿತವಾಗಿತ್ತು. ನಾನು ಬೆರೆಸುವ ಪ್ರಮಾಣವನ್ನು ಮಾತ್ರ ಓದಿಕೊಂಡಿದ್ದೆ.

ಹಸಿ ಬಣ್ಣದ ಮೇಲೆ ಧೂಳು ಕೂರಬಾರದೆಂದು ಶಟರ್ ಪೂರ್ತಿ ಎಳೆದೆ, ಕೆಳಗಿನ ಸಂದಿಗೆ ಒದ್ದೆ ಗೋಣಿಚೀಲ ತುರುಕಿದೆ, ಅಡುಗೆಮನೆಯ ಬಾಗಿಲಿಗೆ ಟೇಪು ಅಂಟಿಸಿದೆ, ನೆಲಕ್ಕೆ ನೀರು ಚಿಮುಕಿಸಿದೆ. ಧೂಳನ್ನು ಹೊರಗಿಡಲು ಮಾಡಿದ ಇವೆಲ್ಲವೂ ಬಣ್ಣದ ಮಂಜನ್ನು ಒಳಗೇ ಹಿಡಿದಿಟ್ಟವು. ಸ್ಪ್ರೇ ಗನ್ನನ್ನು ತಗಡಿನಿಂದ ಸುಮಾರು ಒಂದು ಗೇಣು ದೂರದಲ್ಲಿ ಹಿಡಿಯಬೇಕು. ಬೆನ್ನು ಗೋಡೆಗೆ ತಾಗುವಂತೆ ನಿಂತಾಗ, ತಗಡಿಗೆ ಬಡಿದ ಮಂಜು ಹಿಂದಿರುಗಿ ನೇರವಾಗಿ ಮುಖಕ್ಕೇ ಬರುತ್ತದೆ. ಹತ್ತು ನಿಮಿಷದಲ್ಲಿ ಟ್ಯೂಬ್‌ಲೈಟಿನ ಸುತ್ತ ಪ್ರಭಾವಳಿಯಂತೆ ಮಬ್ಬು ಕಟ್ಟುತ್ತಿತ್ತು.

ನಾನು ಮಾಸ್ಕ್ ಹಾಕಿಕೊಂಡಿರಲಿಲ್ಲವೆಂದಲ್ಲ. ಎರಡು ಬದಿಗೆ ಇದ್ದಿಲಿನ ಡಬ್ಬಿಗಳಿರುವ, ಸಾಕಷ್ಟು ಬೆಲೆಯ ಮಾಸ್ಕನ್ನೇ ತರಿಸಿದ್ದೆ. ಒಳಗೆ ಥಿನ್ನರಿನ ವಾಸನೆ ಬರುತ್ತಿರಲಿಲ್ಲವಾದ್ದರಿಂದ ಸುರಕ್ಷಿತವಾಗಿದ್ದೇನೆಂದು ನಂಬಿದ್ದೆ. ಇಲ್ಲಿಯೇ ಬಹಳ ಜನ ಮೋಸ ಹೋಗುತ್ತಾರೆ. ಐಸೊಸೈನೇಟ್ ಹಾನಿ ಮಾಡುವ ಪ್ರಮಾಣದಲ್ಲಿದ್ದರೂ ಮೂಗಿಗೆ ಅದರ ವಾಸನೆ ತಿಳಿಯುವುದಿಲ್ಲ, ಹೀಗಾಗಿ ಡಬ್ಬಿಯ ಶಕ್ತಿ ಮುಗಿದು ಅದು ಒಳಗೆ ಬರುತ್ತಿದ್ದರೂ ಗೊತ್ತಾಗುವುದಿಲ್ಲ. ಇದರ ಒಂದು ಸಾಮಾನ್ಯ ರೂಪವಾದ ಎಚ್.ಡಿ.ಐ.ಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯು ಸೂಚಿಸಿರುವ ಸರಾಸರಿ ಮಿತಿ 100 ಕೋಟಿ ಭಾಗ ಗಾಳಿಗೆ ಕೇವಲ 5 ಭಾಗ. ಇಂತಹ ಬಣ್ಣವನ್ನು ಗಾಳಿ ಎಳೆಯುವ ಯಂತ್ರವಿರುವ ಪೇಂಟ್ ಬೂತಿನಲ್ಲಿ, ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಮುಖಕ್ಕೆ ಒದಗಿಸುವ ಮಾಸ್ಕ್ ಹಾಕಿಕೊಂಡು ಹೊಡೆಯಬೇಕು. ಮೈಗೆ ತಗುಲಿದರೂ ಅಪಾಯವಿರುವುದರಿಂದ ಕೈಗವಸು ಮತ್ತು ಮೈಮುಚ್ಚುವ ಬಟ್ಟೆಯೂ ಬೇಕು. ಕರವಸ್ತ್ರ, ಸರ್ಜಿಕಲ್ ಮಾಸ್ಕ್, ಎನ್-95 ಇವು ಯಾವುವೂ ಆವಿಯನ್ನು ತಡೆಯುವುದಿಲ್ಲ.

ನಾಲ್ಕು ವಾರ ಶನಿವಾರ, ಭಾನುವಾರ ಬಣ್ಣ ಹೊಡೆದೆ. ಎರಡನೆಯ ವಾರದಿಂದ ರಾತ್ರಿ ಎರಡು ಗಂಟೆಯ ಹೊತ್ತಿಗೆ ಒಣಕೆಮ್ಮು ಬಂದು ಎಚ್ಚರವಾಗತೊಡಗಿತು. ಬಣ್ಣ ಹೊಡೆಯುವಾಗ ಏನೂ ಆಗುತ್ತಿರಲಿಲ್ಲ, ಏಳೆಂಟು ಗಂಟೆಗಳ ನಂತರ ಎದೆ ಬಿಗಿಯುತ್ತಿತ್ತು, ಬುಧವಾರದ ಹೊತ್ತಿಗೆ ಕಡಿಮೆಯಾಗುತ್ತಿತ್ತು. ಆಷಾಢದ ಗಾಳಿಮಳೆಗೆ ಶೀತವಾಗಿದೆಯೆಂದು ಕಷಾಯ ಕುಡಿದೆ. ನಾಲ್ಕನೆಯ ಭಾನುವಾರ ರಾತ್ರಿ ಮಲಗಲಾಗದೆ ಹಾಸಿಗೆಯ ಅಂಚಿನಲ್ಲಿ ಎರಡೂ ಕೈ ಊರಿ ಕುಳಿತೆ. ಉಸಿರು ಹೊರಗೆ ಹೋಗುತ್ತಿರಲಿಲ್ಲ. ಎದೆಯೊಳಗಿನ ಸಿಳ್ಳು ಪಕ್ಕದ ಕೋಣೆಯಲ್ಲಿದ್ದ ನನ್ನ ತಾಯಿಗೂ ಕೇಳಿಸಿ ಅವರು ಎದ್ದು ಬಂದರು. ಬೆಳಗಿನ ಜಾವ ಆಸ್ಪತ್ರೆಗೆ ಸೇರಿಸಿದರು.

ಶ್ವಾಸಕೋಶದ ತಜ್ಞರು ಎಲ್ಲವನ್ನೂ ಕೇಳಿ, "ವಾರಾಂತ್ಯದಲ್ಲಿ ಏನು ಮಾಡುತ್ತೀರಿ?" ಎಂದರು. ಡಬ್ಬದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ ಮೇಲೆ ಅವರಿಗೆ ಬೇರೆ ಪ್ರಶ್ನೆ ಇರಲಿಲ್ಲ. ಐಸೊಸೈನೇಟ್ ಒಮ್ಮೆ ಕೆಲವರ ದೇಹವನ್ನು ಕೆರಳಿಸಿತೆಂದರೆ, ಆಮೇಲೆ ಅದರ ಲವಲೇಶ ಸೋಕಿದರೂ ಉಬ್ಬಸ ಮರುಕಳಿಸುತ್ತದೆ, ಮತ್ತು ಈ ಸ್ಥಿತಿ ಬಹಳ ಮಂದಿಗೆ ಜೀವನಪರ್ಯಂತ ಉಳಿಯುತ್ತದೆ ಎಂದು ವಿವರಿಸಿದರು. ಅದು ನಿಜವೆಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ನನ್ನ ತಂಗಿಯ ಹೊಸ ಮನೆಯಲ್ಲಿ ಬಾಗಿಲುಗಳಿಗೆ ಪಿ.ಯು. ಪಾಲಿಶ್ ಹೊಡೆಯುತ್ತಿದ್ದರು. ನಾನು ಹತ್ತು ನಿಮಿಷ ಒಳಗಿದ್ದೆನಷ್ಟೆ, ಆ ರಾತ್ರಿ ನೆಬ್ಯುಲೈಸರ್ ಹಿಡಿಯಬೇಕಾಯಿತು.

ಕಮಾನುಗಳು ಏನಾದವೆಂದು ಕೇಳುವವರಿಗೆ ಅದನ್ನೂ ಹೇಳಿಬಿಡುತ್ತೇನೆ. ನೋಂದಣಿ ನವೀಕರಣಕ್ಕೆ ಹೋದಾಗ ನಿರೀಕ್ಷಕರು ಒಪ್ಪಲಿಲ್ಲ, ಅವರದು ತಪ್ಪಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ವಾಹನವನ್ನು ತಯಾರಕರ ಮೂಲ ವಿನ್ಯಾಸಕ್ಕಿಂತ ಭಿನ್ನವಾಗುವಂತೆ ಬದಲಾಯಿಸುವ ಹಾಗಿಲ್ಲ, ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಲು 182ಎ ಕಲಮಿನಲ್ಲಿ ಅವಕಾಶವಿದೆ. ಬಣ್ಣ ಬದಲಿಸಿದರೂ ಆರ್.ಸಿ.ಯಲ್ಲಿ ದಾಖಲಿಸಬೇಕು.

ಕಮಾನುಗಳನ್ನು ಕತ್ತರಿಸಿ ತೆಗೆಯಲು ಕಾರನ್ನು ಎಳೆಸಿಕೊಂಡು ಹೋಗಿ ಒಂದು ಗ್ಯಾರೇಜಿಗೆ ಕೊಟ್ಟೆ. ಗಟ್ಟಿಯಾದ ಪಿ.ಯು. ಬಣ್ಣವನ್ನು ಗ್ರೈಂಡರಿನಿಂದ ಕಾಯುವಂತೆ ಉಜ್ಜಿದರೆ ಅಥವಾ ಅದರ ಮೇಲೆ ವೆಲ್ಡಿಂಗ್ ಮಾಡಿದರೆ ಮತ್ತೆ ಐಸೊಸೈನೇಟ್ ಹೊರಬರುತ್ತದೆ, ಆದ್ದರಿಂದ ನಾನು ಒಳಗೆ ಹೋಗದೆ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದೆ. ಪೇಂಟರ್ ಮೇಸ್ತ್ರಿ ಮೂಗಿಗೆ ಟವೆಲ್ ಸುತ್ತಿಕೊಂಡು ಕೆಲಸ ಮಾಡುತ್ತಿದ್ದರು. ಅವರು ಚಹಾ ಕುಡಿಯಲು ಹೊರಗೆ ಬಂದಾಗ ನಡೆದದ್ದನ್ನೆಲ್ಲ ಹೇಳಿದೆ. ಅವರು ಲೋಟವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಂಗೂ ರಾತ್ರಿ ಹೊತ್ತು ಹಂಗೇ ಕೆಮ್ಮು ಬರುತ್ತೆ ಸಾರ್. ಬೀಡಿ ಸೇದೋದ್ರಿಂದ ಅಂದ್ಕೊಂಡಿದ್ದೆ. ಬೀಡಿ ಬಿಟ್ಟು ಮೂರು ವರ್ಷ ಆಯ್ತು, ಹೋಗಿಲ್ಲ."

ಮುಂದಿನ ಮಂಗಳವಾರ, ಅವರ ಗ್ಯಾರೇಜಿನ ರಜೆಯ ದಿನ, ನನ್ನನ್ನು ನೋಡುವ ವೈದ್ಯರ ಬಳಿಗೇ ಅವರನ್ನು ಕರೆದುಕೊಂಡು ಹೋಗಿ ಉಸಿರಾಟದ ಪರೀಕ್ಷೆ ಮಾಡಿಸಿದೆ. ವೈದ್ಯರು ಅವರನ್ನೂ ಹಾರ್ಡ್ನರ್ ಡಬ್ಬದ ಬಗ್ಗೆಯೇ ಕೇಳಿದರು.